ಅಂಜುಬುರುಕ ಬೆಕ್ಕಿಗೂ ಒಂದು ಮನೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಕನ್ನಡದ ಮಕ್ಕಳು ವಿರಳ. ಬೆಕ್ಕುಗಳನ್ನು ಸಾಕಲೆಂದು ಅರಸನು ಮನೆಗೊಂದು ಹಸುವನ್ನೂ ಕೊಟ್ಟನು. ಉಳಿದವರ ಬೆಕ್ಕುಗಳು ಹಾಲು ಕುಡಿದು ಕೊಬ್ಬಿದುವು. ರಾಮಕೃಷ್ಣನ ಬೆಕ್ಕು ಮಾತ್ರ ಹಾಲಿನ ಬಟ್ಟಲನ್ನು ಕಂಡೊಡನೆ ಓಟ ಕಿತ್ತಿತು. ಮೊದಲ ದಿನವೇ ಕುದಿಯುವ ಹಾಲನ್ನು ಮುಂದಿಟ್ಟು ಅದರ ಬಾಯಿ ಸುಡುವಂತೆ ಮಾಡಿದ್ದನೆಂಬುದು ಕಥೆಯ ಗುಟ್ಟು. ವಿಕಟಕವಿಯ ಜಾಣತನಕ್ಕೆ ನಾವೆಲ್ಲರೂ ನಗುತ್ತೇವೆ. ಬೆಕ್ಕಿನ ಪಾಡನ್ನು ಕುರಿತು ಯೋಚಿಸುವವರು ಕಡಿಮೆ. ಕಥೆಯು ಕಥೆಯೇ ಆಗಿರಲಿ, ಅದರೊಳಗೊಂದು ದೊಡ್ಡ ಸತ್ಯ ಅಡಗಿದೆ. ಬೆಕ್ಕಿನ ಅಂಜಿಕೆಯು ಅದರ ದುರ್ಗುಣವಲ್ಲ. ಅದಕ್ಕೆ ಕಾರಣವುಂಟು, ನಿಯಮವುಂಟು, ಪರಿಹಾರವೂ ಉಂಟು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟನ್ನೇ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳು ಭತ್ತ, ಗೋವಿನಜೋಳಗಳನ್ನು ಬೆಳೆಯುವ ಸೀಮೆ. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು ಎಂಬುದು ಎಲ್ಲರಿಗೂ ತಿಳಿದ ಮಾತು. ಆದುದರಿಂದ ಇಲ್ಲಿಯ ಬೆಕ್ಕುಗಳಲ್ಲಿ ಬಹುಪಾಲು ಅರ್ಧ ಮನೆಯವು, ಅರ್ಧ ಬೀದಿಯವು. ಕಣಜದ ಮೂಲೆ, ಅಕ್ಕಿಗಿರಣಿಯ ಹಿತ್ತಿಲು, ಕಿರಾಣಿ ಅಂಗಡಿಯ ಅಟ್ಟ ಇವೇ ಅವುಗಳ ಆಶ್ರಯಧಾಮ. ಮನೆಯವರು ಬೇರೆ ಊರಿಗೆ ಹೋದಾಗ, ಹಳೆಯ ಮನೆಯನ್ನು ಕೆಡವಿದಾಗ, ಅನ್ನವಿಡುತ್ತಿದ್ದ ಮುದುಕಿಯು ತೀರಿಕೊಂಡಾಗ ಈ ಬೆಕ್ಕು ಇದ್ದಕ್ಕಿದ್ದಂತೆ ಅನಾಥವಾಗುತ್ತದೆ. ಕಾಲಿಗೆ ಮೈಯುಜ್ಜುವ ಬೆಕ್ಕನ್ನು ಒಯ್ಯುವವರು ಹೇಗೋ ಸಿಕ್ಕುತ್ತಾರೆ. ಚೀಲಗಳ ಹಿಂದೆ ಅವಿತು, ಹತ್ತಿರ ಹೋದರೆ ಬುಸುಗುಟ್ಟುವ ಬೆಕ್ಕನ್ನು ಯಾರು ಒಯ್ಯುವರು?

ಯಾರೂ ಒಯ್ಯದ ಬೆಕ್ಕಿಗಾಗಿ ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ಒಂದು ಉಪಾಯವುಂಟು. ಅದನ್ನು ಗೋಣಿಚೀಲದಲ್ಲಿ ತುಂಬಿ, ಬಾಯಿ ಕಟ್ಟಿ, ಹಳ್ಳದಾಚೆಗೋ ಸಂತೆಯ ಬಯಲಿಗೋ ಒಯ್ದು ಬಿಡುವುದು. ದಾರಿ ಕಾಣದಿದ್ದರೆ ಬೆಕ್ಕು ಮರಳಿ ಬಾರದು ಎಂಬುದು ನಂಬಿಕೆ. ಕೊಲ್ಲಲಿಲ್ಲವಲ್ಲ ಎಂಬ ಸಮಾಧಾನದಿಂದ ಬಿಟ್ಟವರು ಮನೆಗೆ ಮರಳುತ್ತಾರೆ. ಈ ಉಪಾಯವು ವಿಜ್ಞಾನದ ದೃಷ್ಟಿಯಿಂದ ತಪ್ಪು, ಕಾನೂನಿನ ದೃಷ್ಟಿಯಿಂದಲೂ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಂತೂ ತಪ್ಪೇ ಎಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಅಂಜಿಕೆಯೆಂಬುದು ದೇಹದ ಸ್ಥಿತಿ

ಅಂಜಿಕೆಯನ್ನು ಮನಸ್ಸಿನ ವಿಕಾರವೆಂದು ಮಾತ್ರ ಭಾವಿಸುವುದು ವಾಡಿಕೆ. ಅದು ಇಡೀ ದೇಹದ ಸ್ಥಿತಿಯೆಂಬುದನ್ನು ತೋರಿಸಿಕೊಟ್ಟ ಪ್ರಯೋಗಗಳಲ್ಲಿ ಬೆಕ್ಕಿಗೇ ಮುಖ್ಯ ಪಾತ್ರವಿದ್ದಿತು. ರಂಟ್ಗನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ರಲ್ಲಿ. ಮರುವರ್ಷವೇ ಅಮೆರಿಕದ ಹಾರ್ವರ್ಡ್ ವೈದ್ಯಶಾಲೆಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಆ ಕಿರಣಗಳನ್ನು ಪ್ರಾಣಿಗಳ ಜೀರ್ಣಾಂಗಗಳ ಅಭ್ಯಾಸಕ್ಕೆ ಬಳಸತೊಡಗಿದನು. ಬೆಕ್ಕಿನ ಆಹಾರದಲ್ಲಿ ಬಿಸ್ಮತ್ ಲವಣವನ್ನು ಬೆರೆಸಿದರೆ ಹೊಟ್ಟೆಯ ಆಕಾರವು ಪರದೆಯ ಮೇಲೆ ನೆರಳಾಗಿ ಕಾಣುತ್ತದೆ. ಜಠರವು ಅಲೆಯಲೆಯಾಗಿ ಸಂಕೋಚಿಸುವುದನ್ನು ಅವನು ನೋಡಿದನು. ಬೆಕ್ಕು ಸಂಕಟಪಟ್ಟೊಡನೆ ಆ ಅಲೆಗಳು ನಿಂತುಹೋಗುತ್ತಿದ್ದುವು. ಅದು ಶಾಂತವಾದ ಮೇಲೆ ಮತ್ತೆ ಮೊದಲಾಗುತ್ತಿದ್ದುವು. ಈ ಸಂಗತಿಯು 1898ರಲ್ಲಿ ಪ್ರಕಟವಾಯಿತು. 1911ರಲ್ಲಿ ಕ್ಯಾನನ್ ಮತ್ತು ಡಿ ಲ ಪಾಜ್ ಎಂಬವರು ಬೊಗಳುವ ನಾಯಿಯನ್ನು ಕಂಡು ಹೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಎಂಬ ಗ್ರಂಥಿರಸವು ಹೆಚ್ಚುವುದನ್ನು ತೋರಿಸಿದರು.

ಈ ಪ್ರಯೋಗಗಳಿಂದ ಒಂದು ವ್ಯಾವಹಾರಿಕ ಪಾಠ ದೊರೆಯುತ್ತದೆ. ಹೊಸ ಮನೆಗೆ ಬಂದ ಬೆಕ್ಕು ಮುಂದಿಟ್ಟ ಅನ್ನವನ್ನು ಮುಟ್ಟದಿದ್ದರೆ ಅದು ಸೊಕ್ಕಲ್ಲ, ಹಟವಲ್ಲ. ಅದರ ದೇಹವು ಓಡಲು ಇಲ್ಲವೆ ಕಾದಲು ಸಿದ್ಧವಾಗಿದೆ. ಜೀರ್ಣಕಾರ್ಯಕ್ಕೆ ಅಲ್ಲಿ ಎಡೆಯಿಲ್ಲ. ನಾವು ಎತ್ತಿಕೊಂಡು ಮುದ್ದಿಸಲು ಹೋದಷ್ಟೂ ಆ ಸ್ಥಿತಿಯು ಮುಂದುವರಿಯುತ್ತದೆ.

ಎಲ್ಲ ಬೆಕ್ಕುಗಳೂ ಸಮನಾಗಿ ಅಂಜುವುದಿಲ್ಲವೇಕೆ? ಫಿಲಡೆಲ್ಫಿಯದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಎಂಬಾಕೆಯು 1980ರ ದಶಕದಲ್ಲಿ ಮಾಡಿದ ಅಭ್ಯಾಸಗಳು ಇದಕ್ಕೆ ಒಂದು ಉತ್ತರವನ್ನು ಕೊಟ್ಟುವು. ಬೆಕ್ಕಿನ ಮರಿಯು ಮನುಷ್ಯನನ್ನು ಸ್ನೇಹಿತನೆಂದು ಕಲಿಯುವ ಮುಖ್ಯ ಕಾಲವು ಹುಟ್ಟಿದ 2ನೆಯ ವಾರದಿಂದ 7ನೆಯ ವಾರದವರೆಗೆ. ಈ ಕಾಲದಲ್ಲಿ ದಿನವೂ ಮನುಷ್ಯರ ಕೈಯಲ್ಲಿ ಆಡಿದ ಮರಿಯು ಧೈರ್ಯದಿಂದ ಬೆಳೆಯುತ್ತದೆ. ಅಟ್ಟದ ಮೇಲೆ ಯಾರ ಕಣ್ಣಿಗೂ ಬೀಳದೆ ಈ ವಾರಗಳನ್ನು ಕಳೆದ ಮರಿಗೆ ಮುಂದೆ ಮನುಷ್ಯನು ಅಪರಿಚಿತ ಪ್ರಾಣಿಯೇ. ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮ ಹಿರಿಯರು ಹೇಳುತ್ತಾರೆ. ಹೀಗೆ ತಿರುಗುವಾಗ ಮರಿಯು ಯಾವ ಮೂಲೆಯಲ್ಲಿ ಆ ಐದು ವಾರಗಳನ್ನು ಕಳೆಯಿತೆಂಬುದರ ಮೇಲೆ ಅದರ ಸ್ವಭಾವವು ಬಹುಮಟ್ಟಿಗೆ ನಿಲ್ಲುತ್ತದೆ. ಅನುವಂಶದ ಪಾಲೂ ಇದರಲ್ಲುಂಟು. ತಂದೆಬೆಕ್ಕು ಧೈರ್ಯಶಾಲಿಯಾಗಿದ್ದರೆ, ಅದನ್ನು ಎಂದೂ ಕಾಣದೆ ಬೆಳೆದ ಮರಿಗಳೂ ಹೆಚ್ಚು ಧೈರ್ಯ ತೋರುತ್ತವೆಂಬುದನ್ನು ಸಾಂಡ್ರಾ ಮ್ಯಾಕ್ಯೂನ್ ಎಂಬ ವಿಜ್ಞಾನಿಯು 1995ರಲ್ಲಿ ಪ್ರಕಟಿಸಿದಳು. ತಾನು ಆರಿಸಿಕೊಳ್ಳದ ತಂದೆಗಾಗಿ, ತಾನು ಆರಿಸಿಕೊಳ್ಳದ ಬಾಲ್ಯಕ್ಕಾಗಿ ಒಂದು ಪ್ರಾಣಿಯನ್ನು ದೂಷಿಸುವುದು ನ್ಯಾಯವೆ?

ಗೋಣಿಚೀಲದ ತಪ್ಪು

ಬೆಕ್ಕನ್ನು ಚೀಲದಲ್ಲಿ ಒಯ್ದು ಬಿಟ್ಟರೆ ಅದು ಎಲ್ಲಾದರೂ ಬದುಕಿಕೊಳ್ಳುತ್ತದೆಂಬ ಮಾತನ್ನು ಪರೀಕ್ಷಿಸೋಣ. ಬೆಕ್ಕಿನ ಮೂಲವಂಶವಾದ ಆಫ್ರಿಕದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಸಣ್ಣ ಪ್ರಾಣಿ. ಅದು ಇಲಿಗೆ ವೈರಿ. ದೊಡ್ಡ ಮೃಗಗಳಿಗೆ ಆಹಾರ. ಇಂಥ ಪ್ರಾಣಿಗೆ ತನ್ನ ನೆಲದ ಪರಿಚಯವೇ ಜೀವಾಧಾರ. ಅಡಗಲು ಸಂದಿ ಎಲ್ಲಿದೆ, ನೀರು ಎಲ್ಲಿದೆ, ನಾಯಿಯು ಯಾವ ಹೊತ್ತಿಗೆ ಬರುತ್ತದೆ ಎಂಬುದೆಲ್ಲವೂ ಅದಕ್ಕೆ ಗೊತ್ತಿರುತ್ತದೆ. ಚೀಲದಿಂದ ಹೊರಬಿದ್ದ ಬೆಕ್ಕು ಈ ಜ್ಞಾನವನ್ನೆಲ್ಲ ಒಮ್ಮೆಲೇ ಕಳೆದುಕೊಂಡಿರುತ್ತದೆ. ಧೈರ್ಯದ ಬೆಕ್ಕಾದರೆ ಯಾವುದಾದರೂ ಬಾಗಿಲಲ್ಲಿ ನಿಂತು ಕೂಗೀತು. ಅಂಜುವ ಬೆಕ್ಕು ಮನುಷ್ಯರ ಬಾಗಿಲಿಗೆ ಹೋಗದು. ಹೊಸ ನೆಲದ ಹಳೆಯ ಬೆಕ್ಕುಗಳು ಅದನ್ನು ನಿಲ್ಲಗೊಡವು. ಹೀಗೆ ಯಾವ ಬೆಕ್ಕಿಗೆ ಆ ಶಿಕ್ಷೆಯನ್ನು ತಾಳುವ ಶಕ್ತಿಯು ಎಲ್ಲಕ್ಕಿಂತ ಕಡಿಮೆಯೋ, ಅದಕ್ಕೇ ನಾವು ಆ ಶಿಕ್ಷೆಯನ್ನು ವಿಧಿಸುತ್ತೇವೆ.

ಇನ್ನು ದಾರಿ ತಪ್ಪಿಸುವ ಮಾತು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ಕನು ಒಂದು ತಾಯಿಬೆಕ್ಕನ್ನು ಮರಿಗಳಿಂದ ಬೇರ್ಪಡಿಸಿ, ದಾರಿ ಕಾಣದಂತೆ ಮುಚ್ಚಿ, ಕೆಲವು ಮೈಲಿಗಳಾಚೆ ಬಿಟ್ಟು ನೋಡಿದನು. ಅದು ಮರಿಗಳ ಬಳಿಗೆ ಮರಳಿ ಬಂದುದನ್ನು 1922ರಲ್ಲಿ ವರದಿ ಮಾಡಿದನು. ಚೀಲದ ಬಾಯಿ ಕಟ್ಟಿದಮಾತ್ರಕ್ಕೆ ಬೆಕ್ಕು ಮನೆಯನ್ನು ಮರೆಯುವುದಿಲ್ಲ. ಅದು ಹೆದ್ದಾರಿಯನ್ನು ದಾಟಿ ಮರಳಲು ಯತ್ನಿಸುತ್ತದೆ. ಆ ಯತ್ನದಲ್ಲಿ ಎಷ್ಟೋ ಸಲ ವಾಹನಕ್ಕೆ ಸಿಕ್ಕುತ್ತದೆ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ಪ್ರಶ್ನೆಯ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ 11ನೆಯ ಕಲಮಿನಂತೆ, ಹಸಿವು ನೀರಡಿಕೆಗಳಿಂದ ನರಳುವ ಸಂಭವವಿರುವಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಅಪರಾಧಕ್ಕೆ ದಂಡವು 10ರಿಂದ 50 ರೂಪಾಯಿ ಮಾತ್ರ. ದಂಡದ ಮೊತ್ತವು ಅಲ್ಪವೆಂದು ಕೃತ್ಯವು ಅಲ್ಪವಾಗದು. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿಯೂ ಜೀವಿಗಳ ಮೇಲೆ ದಯೆಯಿರಬೇಕೆಂಬ ಮಾತುಂಟು.

ಅಂಜಿಕೆಯನ್ನು ಕರಗಿಸುವ ವಿಧಾನ

ತೆನಾಲಿಯ ಬೆಕ್ಕನ್ನು ಮತ್ತೆ ಹಾಲಿಗೆ ಒಲಿಸಬಹುದಾಗಿದ್ದಿತೆ? ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಲ್ಲಿ 1940ರ ದಶಕದ ಕೊನೆಗೆ ಜೋಸೆಫ್ ವೋಲ್ಪೆ ಎಂಬ ವೈದ್ಯನು ಇಂಥದೇ ಪ್ರಶ್ನೆಯನ್ನು ಕೈಗೆತ್ತಿಕೊಂಡನು. ಅವನು ಬೆಕ್ಕುಗಳನ್ನು ಪಂಜರದಲ್ಲಿಟ್ಟು ವಿದ್ಯುದಾಘಾತದಿಂದ ಹೆದರಿಸಿದನು. ಬಳಿಕ ಅವು ಆ ಪಂಜರದಲ್ಲಿ ಎಷ್ಟು ಹಸಿದರೂ ಆಹಾರವನ್ನು ಮುಟ್ಟಲಿಲ್ಲ. ಆ ಪ್ರಯೋಗವು ಕ್ರೂರವೆಂಬುದನ್ನು ನಾವು ಮುಚ್ಚಿಡಬಾರದು. ಆದರೆ ಅದರ ಎರಡನೆಯ ಭಾಗವು ಬೋಧಪ್ರದವಾದುದು. ಪಂಜರವಿದ್ದ ಕೋಣೆಯನ್ನು ಹೋಲದ ಬೇರೊಂದು ಕೋಣೆಯಲ್ಲಿ ಅವನು ಬೆಕ್ಕಿಗೆ ಉಣಿಸಿದನು. ಅಲ್ಲಿ ಅದು ತಿಂದಿತು. ಮತ್ತೆ, ಸ್ವಲ್ಪ ಹೋಲುವ ಕೋಣೆ; ಆಮೇಲೆ ಅದೇ ಕೋಣೆ; ಕೊನೆಗೆ ಪಂಜರದ ಬಳಿ, ಪಂಜರದ ಒಳಗೆ. ಒಂದೊಂದು ಮೆಟ್ಟಿಲಿನಲ್ಲಿಯೂ ಉಣ್ಣುವ ಸುಖವು ಅಂಜಿಕೆಯನ್ನು ಗೆದ್ದ ಮೇಲೆಯೇ ಮುಂದಿನ ಮೆಟ್ಟಿಲು. 1958ರಲ್ಲಿ ವೋಲ್ಪೆ ಈ ತತ್ತ್ವವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಮನುಷ್ಯರ ಅತಿಭಯಗಳ ಚಿಕಿತ್ಸೆಗೆ ಅದು ಒಂದು ಆಧಾರವಾಯಿತು.

ಅಂಜುವ ಬೆಕ್ಕಿಗೆ ಮನೆಯನ್ನು ಹೊಂದಿಸುವುದೂ ಇದೇ ತತ್ತ್ವದ ಮೇಲೆ. ಇಲ್ಲಿ ಮೆಟ್ಟಿಲುಗಳೆಂದರೆ ದೂರ ಮತ್ತು ಕಾಲ. ಪ್ರಾಣಿಯು ಅಪರಿಚಿತನನ್ನು ಎಷ್ಟು ಹತ್ತಿರಕ್ಕೆ ಬರಗೊಟ್ಟು ಆಮೇಲೆ ಓಡುತ್ತದೋ, ಆ ದೂರಕ್ಕೆ ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೆಡಿಗರನು ‘ಪಲಾಯನ ದೂರ’ ಎಂಬ ಅರ್ಥದ ಹೆಸರನ್ನು ಕೊಟ್ಟನು. ಇದು ಅಳತೆಪಟ್ಟಿಯಿಂದ ಅಳೆಯಬಹುದಾದ ರಾಶಿ. ಅಳೆಯಬಹುದಾದುದನ್ನು ವಿಜ್ಞಾನದ ವಿದ್ಯಾರ್ಥಿಯು ಊಹೆಗೆ ಬಿಡತಕ್ಕದ್ದಲ್ಲ.

ಮೊದಲನೆಯ ಕೆಲಸ, ಬೆಕ್ಕಿಗೆ ತಕ್ಕ ಮನೆಯನ್ನು ಆರಿಸುವುದು. ಕೂಸು ಮಕ್ಕಳು ಕಿರುಚಾಡುವ, ನಾಯಿಯಿರುವ, ದಿನವೂ ನೆಂಟರು ಬರುವ ಮನೆ ಇದಕ್ಕೆ ತಕ್ಕುದಲ್ಲ. ಇಬ್ಬರು ವಯಸ್ಸಾದವರಿರುವ ಶಾಂತವಾದ ಮನೆಯು ಉತ್ತಮ. ಕೊಡುವವರು ನಿಜವನ್ನು ಹೇಳಿಯೇ ಕೊಡಬೇಕು: ‘ಇದು ಅಂಜುತ್ತದೆ, ಒಂದು ತಿಂಗಳು ನಿಮ್ಮ ಕಣ್ಣಿಗೇ ಬೀಳದಿರಬಹುದು, ಹೊಂದದಿದ್ದರೆ ನಾವೇ ಮರಳಿ ಒಯ್ಯುತ್ತೇವೆ’ ಎಂದು. ಬೆಕ್ಕಿನ ಅಂಜಿಕೆಯನ್ನು ಮರೆಮಾಚಿ ಕೊಟ್ಟರೆ ಅದು ಎರಡನೆಯ ಸಲ ಬೀದಿಗೆ ಬೀಳುವುದು ನಿಶ್ಚಯ.

ಎರಡನೆಯದು, ಸಾಗಿಸುವುದು. ಗೋಣಿಚೀಲ ಬೇಡ; ಗಾಳಿಯಾಡುವ, ಗಟ್ಟಿ ಮುಚ್ಚಳದ ಬುಟ್ಟಿಯಿರಲಿ. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ಒಗೆಯದೆ ಅದರಲ್ಲಿ ಹಾಸಿರಿ. ವಾಸನೆಯೇ ಬೆಕ್ಕಿಗೆ ಊರು.

ಮೂರನೆಯದು, ಕೋಣೆ. ಇಡೀ ಮನೆಯನ್ನು ಒಮ್ಮೆಲೇ ತೋರಿಸದೆ ಒಂದೇ ಚಿಕ್ಕ ಕೋಣೆಯನ್ನು ಕೊಡಬೇಕು; ಅದರ ಕಿಟಕಿಗಳು ಭದ್ರವಾಗಿರಬೇಕು. ಕೋಣೆಯ ಒಂದು ಮೂಲೆಯಲ್ಲಿ ಮಣ್ಣೋ ಮರಳೋ ತುಂಬಿದ ತಟ್ಟೆ, ಎದುರು ಮೂಲೆಯಲ್ಲಿ ಅನ್ನ ನೀರು, ನಡುವೆ ಅಡಗಲು ಒಂದು ಪೆಟ್ಟಿಗೆ. ಈ ಪೆಟ್ಟಿಗೆಯೇ ಎಲ್ಲಕ್ಕಿಂತ ಮುಖ್ಯ. ಹಾಲೆಂಡಿನ ಒಂದು ಆಶ್ರಯಧಾಮಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗುವ ಪೆಟ್ಟಿಗೆಯನ್ನು ಕೊಟ್ಟು, 9ಕ್ಕೆ ಕೊಡದೆ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಈ ಅಭ್ಯಾಸದಂತೆ, ಪೆಟ್ಟಿಗೆ ದೊರೆತ ಬೆಕ್ಕುಗಳ ಕಳವಳವು ಮೊದಲ ಕೆಲವು ದಿನಗಳಲ್ಲಿಯೇ ಹೆಚ್ಚು ಬೇಗನೆ ಇಳಿಯಿತು. ಅಡಗಲು ಎಡೆಕೊಟ್ಟರೆ ಬೆಕ್ಕು ಎಂದಿಗೂ ಹೊರಬಾರದೆಂಬುದು ಜನರ ಎಣಿಕೆ. ಅಡಗಲು ಎಡೆಯಿದ್ದುದರಿಂದಲೇ ಅದು ಹೊರಬರುವ ಧೈರ್ಯ ಮಾಡುತ್ತದೆಂಬುದು ಪ್ರಯೋಗದ ಉತ್ತರ.

ಪೆಟ್ಟಿಗೆಗೆ ಹಣ ಬೇಕಾಗಿಲ್ಲ. ಬೇಸಗೆಯಲ್ಲಿ ಹಾನಗಲ್ಲಿನ ಮಾವು ತುಂಬಿಬರುವ ರಟ್ಟಿನ ಡಬ್ಬಿಯೇ ಸಾಕು. ಅದರ ಮಡಿಕೆಗಳ ನಡುವೆ ಸಿಕ್ಕಿದ ಗಾಳಿಯು ಉಷ್ಣದ ಅವಾಹಕ. ಬೆಕ್ಕಿನ ದೇಹಕ್ಕೆ ಹೆಚ್ಚಿನ ಶ್ರಮವಿಲ್ಲದೆ ಹಿತವಾಗುವ ಉಷ್ಣಮಾನವು 30ರಿಂದ 38 ಡಿಗ್ರಿ ಸೆಲ್ಸಿಯಸ್. ಆಷಾಢದ ಜಡಿಮಳೆಯಲ್ಲಿ ನಮ್ಮ ಮನೆಗಳ ಹಾಸುಗಲ್ಲು ಅದಕ್ಕಿಂತ ಎಷ್ಟೋ ತಣ್ಣಗಿದ್ದು, ಮೈಯ ಉಷ್ಣವನ್ನು ಎಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಹಳೆಯ ಕೌದಿಯ ತುಂಡನ್ನು ಹಾಸಿದರೆ ಆ ನಷ್ಟವು ತಪ್ಪುತ್ತದೆ.

ಸದ್ದಿನ ಕಡೆಗೂ ಲಕ್ಷ್ಯವಿರಬೇಕು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಮಾತ್ರ ಕೇಳುತ್ತದೆ. ಬೆಕ್ಕಿಗೆ ಸುಮಾರು 85,000ದವರೆಗೂ ಕೇಳುತ್ತದೆ. ಇಲಿಗಳನ್ನು ಓಡಿಸಲೆಂದು ಅಂಗಡಿಗಳಲ್ಲಿ ಮಾರುವ ಶ್ರವಣಾತೀತ ಧ್ವನಿಯ ಯಂತ್ರಗಳು ನಮಗೆ ಮೌನ, ಬೆಕ್ಕಿಗೆ ಗದ್ದಲ. ಅವನ್ನು ಆ ಮನೆಯಲ್ಲಿ ಆರಿಸಬೇಕು. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಸದ್ದಿನ ತೀವ್ರತೆಯು ನಾಲ್ಕನೆಯ ಒಂದು ಪಾಲಿಗಿಳಿಯುತ್ತದೆ. ಬರಿಯ ಗೋಡೆಗಳ ಕೋಣೆಯಲ್ಲಾದರೋ ಸದ್ದು ಪ್ರತಿಫಲಿಸಿ ಉಳಿಯುತ್ತದೆ. ಆದುದರಿಂದ ಬೀದಿಯಿಂದ ದೂರವಾದ ಒಳಕೋಣೆಯನ್ನು ಆರಿಸಿ, ಒಂದೆರಡು ಗೋಣಿತಟ್ಟುಗಳನ್ನು ತೂಗಬಿಡುವುದು ಮೇಲು.

ನಾಲ್ಕನೆಯದು, ಸಮೀಪಿಸುವುದು. ದಿನವೂ ಒಂದೇ ಹೊತ್ತಿಗೆ ಒಬ್ಬರೇ ಒಳಗೆ ಹೋಗಿ, ಅನ್ನವಿಟ್ಟು, ದೂರದಲ್ಲಿ ನೆಲದ ಮೇಲೆ ಕುಳಿತು ಪುಸ್ತಕವನ್ನೋದಿರಿ. ಪಾಠವನ್ನು ಗಟ್ಟಿಮಾಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಶ್ರೋತೃ ಸಿಕ್ಕದು. ಮೆಲುದನಿಯಲ್ಲಿ ಓದಿದರೆ ನಿಮ್ಮ ಧ್ವನಿಯೂ ಅದಕ್ಕೆ ಪರಿಚಯವಾಗುತ್ತದೆ. ಬೆಕ್ಕನ್ನು ದುರುಗುಟ್ಟಿ ನೋಡಬೇಡಿರಿ. ನೋಡಿದರೆ ಕಣ್ಣುಗಳನ್ನು ಮೆಲ್ಲನೆ ಅರೆಮುಚ್ಚಿ ತೆರೆಯಿರಿ. ಹೀಗೆ ಮಾಡಿದ ಅಪರಿಚಿತನ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬರುತ್ತವೆಂಬುದನ್ನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಬೆಕ್ಕು ನಿಶ್ಚಿಂತೆಯಿಂದ ಉಂಡ ಮೇಲೆಯೇ ಬಟ್ಟಲನ್ನು ಮರುದಿನ ಒಂದು ಗೇಣು ಹತ್ತಿರಕ್ಕೆ ತರಬೇಕು. ಅಂಜಿದರೆ ಹಿಂದಿನ ಸ್ಥಳಕ್ಕೆ ಮರಳಿಸಬೇಕು. ಮುಟ್ಟುವ ಕೆಲಸವನ್ನು ಬೆಕ್ಕೇ ಮೊದಲು ಮಾಡಲಿ.

ಆಹಾರ, ರೋಗ, ವಿಷ

ನಮ್ಮ ಸೀಮೆಯ ಅನೇಕ ಶಾಕಾಹಾರಿ ಮನೆಗಳಲ್ಲಿ ಬೆಕ್ಕಿಗೆ ಹಾಲು ಅನ್ನವೇ ಆಹಾರ. ಹೊರಗೆ ತಿರುಗುವ ಬೆಕ್ಕು ಕೊರತೆಯನ್ನು ಇಲಿಗಳಿಂದ ತುಂಬಿಕೊಳ್ಳುತ್ತದೆ. ಕೋಣೆಯಲ್ಲಿ ವಾರಗಟ್ಟಲೆ ಇರುವ ಬೆಕ್ಕಿಗೆ ಆ ಮಾರ್ಗವಿಲ್ಲ. ಪ್ರಾಣಿಜನ್ಯ ಆಹಾರದಲ್ಲಿರುವ ಟಾರಿನ್ ಎಂಬ ವಸ್ತುವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲವು ಕೆಡುವುದೆಂಬುದು 1975ರಲ್ಲಿ ತಿಳಿದುಬಂದಿತು. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯೂ ಜೀರ್ಣವಾಗದು. ಮೀನು, ಮಾಂಸ ಇಲ್ಲವೆ ಬೆಕ್ಕಿಗೆಂದೇ ಸಿದ್ಧಪಡಿಸಿದ ಆಹಾರವನ್ನು ಕೊಡಲು ಒಪ್ಪದ ಮನೆಯು ಎಷ್ಟು ಪ್ರೀತಿಯದಾದರೂ ಬೆಕ್ಕಿಗೆ ತಕ್ಕ ಮನೆಯಲ್ಲ. ಇದನ್ನು ಮೊದಲೇ ಸಂಕೋಚವಿಲ್ಲದೆ ಕೇಳಬೇಕು. ಎರಡು ಮೂರು ದಿನ ಏನನ್ನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೆ ಅಪಾಯವುಂಟಾಗಬಹುದು. ಅಷ್ಟರೊಳಗೆ ಪಶುವೈದ್ಯರಿಗೆ ತೋರಿಸಬೇಕು.

ಹುಚ್ಚುನಾಯಿ ರೋಗವು ಬೆಕ್ಕಿನಿಂದಲೂ ಬರುತ್ತದೆ. ಆದುದರಿಂದ ಕೊಡುವ ಮೊದಲು ಲಸಿಕೆ ಹಾಕಿಸತಕ್ಕದ್ದು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಬೆದರಿದ ಬೆಕ್ಕನ್ನು ಬರಿಗೈಯಿಂದ ಹಿಡಿಯುವ ಸಾಹಸವನ್ನು ಯಾವ ವಿದ್ಯಾರ್ಥಿಯೂ ಮಾಡಕೂಡದು. ಸಂತಾನಹರಣದ ಶಸ್ತ್ರಕ್ರಿಯೆಯೂ ಅಗತ್ಯ. ಬೆಕ್ಕಿನ ಗರ್ಭಾವಧಿಯು ಸುಮಾರು 9 ವಾರಗಳು ಮಾತ್ರ. ವರ್ಷ ತುಂಬುವ ಮೊದಲೇ ಅದು ತಾಯಿಯಾಗಬಲ್ಲದು. ಒಂದಕ್ಕೆ ಮನೆ ಹುಡುಕುವಷ್ಟರಲ್ಲಿ ನಾಲ್ಕು ಹುಟ್ಟಿದರೆ ನಮ್ಮ ಶ್ರಮಕ್ಕೆ ಕೊನೆಯೆಲ್ಲಿ?

ಹೀಗೆಲ್ಲ ಮಾಡಿದರೂ ಕೆಲವು ಬೆಕ್ಕುಗಳು ಮನುಷ್ಯರ ಕೋಣೆಗೆ ಎಂದೂ ಒಗ್ಗುವುದಿಲ್ಲ. ಬಾಲ್ಯದ ಆ ಐದು ವಾರಗಳಲ್ಲಿ ಮನುಷ್ಯನನ್ನೇ ಕಾಣದೆ ಬೆಳೆದವು ಇವು. ಇವನ್ನು ಮುದ್ದಿನ ಬೆಕ್ಕಾಗಿಸುವ ಹಟವೂ ಒಂದು ಬಗೆಯ ಹಿಂಸೆಯೇ. ಅಮೆರಿಕದ ಕೆಲವು ಆಶ್ರಯಧಾಮಗಳು ಇಂಥ ಬೆಕ್ಕುಗಳನ್ನು ದನದ ಕೊಟ್ಟಿಗೆಗಳಿಗೂ ಗೋದಾಮುಗಳಿಗೂ ಇಲಿಗಾವಲಿಗಾಗಿ ಕೊಡುತ್ತವೆ. ಈ ಪದ್ಧತಿಯು ನಮ್ಮ ನಾಲ್ಕು ತಾಲೂಕುಗಳಿಗೆ ಹೇಳಿ ಮಾಡಿಸಿದಂತಿದೆ. ಅಕ್ಕಿಗಿರಣಿ, ಗೋವಿನಜೋಳದ ಗೋದಾಮು, ಸವಣೂರಿನ ಎಲೆತೋಟದ ಮನೆ ಮೊದಲಾದುವು ಇಂಥ ಬೆಕ್ಕಿಗೆ ಒಪ್ಪುವ ನೆಲೆಗಳು. ಆದರೆ ಅಲ್ಲಿಗೂ ಚೀಲದಿಂದ ಸುರಿದು ಬರುವಂತಿಲ್ಲ. ಮೂರು ನಾಲ್ಕು ವಾರ ಅಲ್ಲಿಯೇ ಒಂದು ದೊಡ್ಡ ಪಂಜರದಲ್ಲೋ ಕೋಣೆಯಲ್ಲೋ ಇಟ್ಟು, ಹೊತ್ತಿಗೆ ಸರಿಯಾಗಿ ಉಣಿಸಿ, ಆ ನೆಲವು ಅದರದಾದ ಮೇಲೆ ಬಾಗಿಲನ್ನು ತೆರೆಯಬೇಕು. ಅಂಥ ಜಾಗದಲ್ಲಿ ಇಲಿಪಾಷಾಣ ಇರಕೂಡದು. ಸತುವಿನ ಫಾಸ್ಫೈಡ್ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ಹೊಟ್ಟೆಯಲ್ಲಿಯೂ ಫಾಸ್ಫೀನ್ ಎಂಬ ವಿಷಾನಿಲವು ಹುಟ್ಟಬಹುದು. ವಿಷ ಇಲ್ಲವೆ ಬೆಕ್ಕು. ಎರಡೂ ಒಂದೇ ಗೋದಾಮಿನಲ್ಲಿ ಸಲ್ಲವು.

ಕೆಲವು ಆಕ್ಷೇಪಗಳು

ಮನುಷ್ಯರಿಗೇ ಮನೆಯಿಲ್ಲದಿರುವಾಗ ಬೆಕ್ಕಿಗೇನು ಮನೆ ಎಂದು ಕೇಳುವವರುಂಟು. ಪ್ರಶ್ನೆಯು ಗಂಭೀರವಾದುದು, ನಾವು ಅದನ್ನು ನಕ್ಕು ತಳ್ಳಿಹಾಕುವುದಿಲ್ಲ. ಆದರೆ ಒಂದು ರಟ್ಟಿನ ಡಬ್ಬಿ, ಒಂದು ಮೂಲೆ, ಒಂದು ತಿಂಗಳ ತಾಳ್ಮೆ ಇವುಗಳಿಂದ ಯಾವ ಬಡವನ ಮನೆಯೂ ಕಿತ್ತುಹೋಗದು. ನಮ್ಮ ಕಾಳನ್ನು ಕಾಯಲೆಂದು ಬೆಕ್ಕನ್ನು ಮನೆಯ ಬಳಿ ಇರಗೊಟ್ಟವರು ನಾವು. ಕೆಲಸ ಮುಗಿದ ಮೇಲೆ ಋಣವು ಮುಗಿಯುವುದಿಲ್ಲ.

ಬೆಕ್ಕು ಹಕ್ಕಿಗಳನ್ನು ಕೊಲ್ಲುತ್ತದೆಂಬ ಆಕ್ಷೇಪವು ನಿಜ. ಆದ್ದರಿಂದಲೇ ಹಾನಗಲ್ಲಿನ ಆನೆಕೆರೆ, ಮಾಸೂರಿನ ಮದಗದ ಕೆರೆಗಳಂಥ ನೀರಹಕ್ಕಿಗಳ ತಾಣದ ಬಳಿ ಬೆಕ್ಕನ್ನು ನೆಲೆಗೊಳಿಸಬಾರದು. ಮನೆಯ ಬೆಕ್ಕನ್ನು ಸಾಧ್ಯವಾದಷ್ಟು ಒಳಗೇ ಇರಿಸಬೇಕು. ಬೀದಿಗೆ ಬಿಟ್ಟ ಹಸಿದ ಬೆಕ್ಕಿಗಿಂತ ಮನೆಯಲ್ಲುಂಡು ಮಲಗಿದ ಬೆಕ್ಕು ಹಕ್ಕಿಗಳಿಗೂ ಮೇಲು. ಇನ್ನು ಕರಿಯ ಬೆಕ್ಕು ಅಡ್ಡ ಬಂದರೆ ಅಪಶಕುನವೆಂಬ ಮಾತು. ಕೂದಲಿನ ಬಣ್ಣವು ಮೆಲಾನಿನ್ ಎಂಬ ವರ್ಣದ್ರವ್ಯದ ಫಲ. ಅದನ್ನು ಕಂಡು ಕಲ್ಲೆಸೆಯುವ ಮನುಷ್ಯನೇ ಆ ಬೆಕ್ಕಿಗೆ ನಿಜವಾದ ಅಪಶಕುನ. ಒಂದು ಕಲ್ಲಿನಿಂದ ಅದು ಕಲಿತ ಅಂಜಿಕೆಯನ್ನು ಮರೆಸಲು ಇನ್ನೊಬ್ಬರು ತಿಂಗಳುಗಟ್ಟಲೆ ಕುಳಿತಿರಬೇಕಾಗುತ್ತದೆ.

ಬೆಂಗಳೂರಿನಲ್ಲಿ 1991ರಲ್ಲಿ ಸ್ಥಾಪಿತವಾದ ‘ಕ್ಯೂಪಾ’ದಂಥ ಸಂಸ್ಥೆಗಳು ಅನಾಥ ಪ್ರಾಣಿಗಳಿಗೆ ಮನೆ ಹುಡುಕುವ ಕೆಲಸವನ್ನು ಮಾಡುತ್ತ ಬಂದಿವೆ. ತಾಲೂಕಿನ ಊರುಗಳಲ್ಲಿ ಈ ಕೆಲಸಕ್ಕೆ ಕಟ್ಟಡ ಬೇಕಾಗಿಲ್ಲ. ಒಂದು ಕಾಲೇಜಿನ ವಿಜ್ಞಾನಸಂಘವೇ ಸಾಕು. ಊರಿನಲ್ಲಿ ಯಾವ ಮನೆಯವರು ಬೆಕ್ಕನ್ನು ಬಿಡಬೇಕಾಗಿದೆ, ಯಾವ ಗೋದಾಮಿನವರಿಗೆ ಬೆಕ್ಕು ಬೇಕಾಗಿದೆ ಎಂಬ ಪಟ್ಟಿಯನ್ನು ವಿದ್ಯಾರ್ಥಿಗಳು ಇಡಬಹುದು. ಪಶು ಆಸ್ಪತ್ರೆಯ ವೈದ್ಯರ ಸಲಹೆ ಕೇಳಬಹುದು. ಬೆಕ್ಕನ್ನು ಪಡೆದ ಮನೆಗೆ ವಾರಕ್ಕೊಮ್ಮೆ ಹೋಗಿ ಪಲಾಯನ ದೂರವನ್ನು ಕೇಳಿ ಬರೆದುಕೊಳ್ಳಬಹುದು. ದಿನಗಳನ್ನು ಅಡ್ಡರೇಖೆಯಲ್ಲಿಯೂ ದೂರವನ್ನು ಲಂಬರೇಖೆಯಲ್ಲಿಯೂ ಗುರುತಿಸಿ ನಕ್ಷೆಯನ್ನೆಳೆದರೆ, ಅಂಜಿಕೆಯು ಕರಗುವ ಬಗೆಯು ಕಣ್ಣೆದುರಿಗೇ ಕಾಣುತ್ತದೆ. ಗೆರೆಯು ನೇರವಾಗಿ ಇಳಿಯಲಿಕ್ಕಿಲ್ಲ. ಒಂದು ಪಟಾಕಿಯ ಸದ್ದಿಗೆ ಮತ್ತೆ ಮೇಲೇರಬಹುದು. ಆ ಏರಿಳಿತಗಳನ್ನು ಬೆಕ್ಕಿನ ಕೃತಘ್ನತೆಯೆಂದು ಬಗೆಯದೆ, ಕಾರಣವನ್ನು ಹುಡುಕುವುದೇ ವಿಜ್ಞಾನದ ಶಿಕ್ಷಣ.

ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಬೆಳೆದ ಬೃಹತ್ ವೃಕ್ಷಗಳು ಹುಣಸೆಯಲ್ಲ. ಆಫ್ರಿಕ ಮೂಲದ ಬಾವೊಬಾಬ್ ಮರಗಳು. ದೂರದ ನೆಲದ ಮರವು ಇಲ್ಲಿ ಬೇರೂರಿದುದು ಒಂದು ದಿನದಲ್ಲಲ್ಲ. ಬೆಕ್ಕಿಗೆ ಅಷ್ಟು ಕಾಲ ಬೇಕಾಗಿಲ್ಲ. ಕೆಲವು ವಾರಗಳು, ಹೆಚ್ಚೆಂದರೆ ಕೆಲವು ತಿಂಗಳುಗಳು ಸಾಕು. ನಿಮ್ಮ ಓಣಿಯಲ್ಲಿ ಯಾರಾದರೂ ಬೆಕ್ಕಿಗಾಗಿ ಗೋಣಿಚೀಲವನ್ನು ಹುಡುಕುತ್ತಿದ್ದರೆ, ಒಂದು ತಿಂಗಳ ಅವಧಿಯನ್ನು ಕೇಳಿ ಪಡೆಯಿರಿ. ಆ ಒಂದು ತಿಂಗಳೇ ಅದರ ಪಾಲಿಗೆ ಜೀವ.